ಏನೂ ಇಲ್ಲದ ಊರಿಗೊಂದು ಸ್ಥಳಪುರಾಣ

ಶನಿವಾರ ಒಪ್ಪೊತ್ತು ಮಾಡುವ ಹೆಂಗಸು ಸುಳ್ಳು ಹೇಳುವುದಿಲ್ಲವೆಂದು ನೀವು ನಂಬಿದ್ದರೆ, ಕ್ಷಮಿಸಿ. ನಾನು ಬೆಟ್ಟದಷ್ಟು ಸುಳ್ಳು ಹೇಳಿದ್ದೇನೆ. ಅದೂ ಜಪಾನಿನ ಬಗ್ಗೆ.

ಐದನೇ ಕ್ಲಾಸಿನ ನನ್ನ ಮಗಳು ಅನಘಾಗೆ ಪರದೇಶದ ಒಂದು ಊರಿನ ಪರಿಚಯ ಬರೆಯಬೇಕಿತ್ತು. ತರಗತಿಯ ಅರ್ಧ ಮಕ್ಕಳು ಪ್ಯಾರಿಸ್ ಹಿಡಿದಿದ್ದರು. ಇಲ್ಲಿ, ನಾವು ವಲಸೆ ಬಂದಿರುವ ಮಿಲ್ ಕ್ರೀಕ್ ಎಂಬ ಊರಿನಲ್ಲಿ, ನಮ್ಮ ಪಕ್ಕದ ಮನೆಯ ಸಚಿಕೋ ಟೋಕಿಯೋ ಹತ್ತಿರದ ಊರಿನವರು. ಗೋಡೆಯಾಚೆಗೇ ಜಪಾನ್ ಇರುವಾಗ ಪ್ಯಾರಿಸ್ ಯಾಕೆಂದು ಮಗಳನ್ನು ಅವರ ಮನೆಗೆ ಎಳೆದುಕೊಂಡು ಹೋದವಳು ನಾನೇ.

ನಮಗೆ ಊರೆಂದರೆ ಒಬ್ಬ ದೇವರು, ಒಂದು ಹೊಳೆ, ಒಂದು ತಿಂಡಿ. ಹಾಗೆಯೇ ಕೇಳಿದೆ. ದೇವಸ್ಥಾನ? ಇದೆ, ವಿಶೇಷವೇನಿಲ್ಲ. ಹೊಳೆ? ಕಾಲುವೆ. ತಿಂಡಿ? ಪಕ್ಕದ ಊರಿನದು ಚೆನ್ನ. ಇರುವುದು ಬರೀ ಮನೆಗಳು. ಬೆಳಿಗ್ಗೆ ಗಂಡಸರು ರೈಲು ಹತ್ತಿದರೆ ಊರಿನಲ್ಲಿ ಒಣಹಾಕಿದ ಬಟ್ಟೆಗಳದ್ದೇ ರಾಜ್ಯಭಾರ. ಪ್ರತಿ ಉತ್ತರಕ್ಕೂ ಸಚಿಕೋ ತಲೆಬಾಗಿ ಕ್ಷಮೆ ಕೇಳಿದರು, ಊರನ್ನು ತಾವೇ ಖಾಲಿ ಮಾಡಿ ಬಂದವರಂತೆ.

ಮನೆಗೆ ಬಂದ ಅನಘಾಳ ಕಣ್ಣು ತುಂಬಿತ್ತು. "ಅಮ್ಮಾ, ಪ್ರೆಸೆಂಟೇಶನ್ ಈಸ್ ಟುಮಾರೋ. ಆಲ್ ಐ ಹ್ಯಾವ್ ಈಸ್ ಲಾಂಡ್ರಿ."

ಹೆತ್ತ ಕರುಳು. ಸಚಿಕೋ ತೋರಿಸಿದ ಫೋಟೋದಲ್ಲಿ ಮನೆಗಳ ಹಿಂದೊಂದು ಹಸಿರು ದಿಬ್ಬವಿತ್ತು. ಅಲ್ಲಿ ಋಷಿಯೊಬ್ಬರು ತಪಸ್ಸು ಮಾಡಿ ನೀರು ಚಿಮ್ಮಿಸಿದರೆಂದು ಬರೆಸಿದೆ. ಯಾವ ದಿಬ್ಬದ ಮೇಲಾದರೂ ಯಾರೋ ಒಬ್ಬರು ತಪಸ್ಸು ಮಾಡಿಯೇ ಇರುತ್ತಾರೆಂಬುದು ನನ್ನ ಧೈರ್ಯ.

"ಆರ್ ಯು ಶೂರ್?"

"ಬರಿಯೇ ಸುಮ್ನೆ."

ಅವಳು ಸುಮ್ಮನೆ ಬರೆದಳು. ಆದರೆ ಹಾಳೆ ಹಿಡಿದು ನೇರ ಪಕ್ಕದ ಮನೆಗೆ ಓಡಿದಳು. ಹಿಂದೆಯೇ ನಾನು. ಸಚಿಕೋ ಎರಡು ಸಲ ಓದಿ, ಎಂದಿನಂತೆ ನನ್ನ ಹೆಸರಿಗೆ ಗೌರವದ 'ಸಾನ್' ಸೇರಿಸಿ, "ಸುಮಾ ಸಾನ್, ಇದು ವಾಟರ್ ಟ್ಯಾಂಕ್. ಮೇಲೆ ಹುಲ್ಲು ಬೆಳೆಸಿದ್ದಾರೆ," ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ನನ್ನ ಮುಖ ನೋಡಿ, "ನೀರಿನ ವಿಷಯ ಸರಿಯಾಗಿದೆ," ಎಂದೂ ಸೇರಿಸಿದರು.

"ಅಮ್ಮಾ, ಸುಳ್ಳು ಹೇಳೋದು ಪಾಪ ಅಂತ ಯು ಟೋಲ್ಡ್ ಮಿ," ಎಂದಳು ಮಗಳು.

"ತಪ್ಪಾಯ್ತು ಕಂದ," ಎಂದೆ. ಇನ್ನೇನು ಹೇಳಲಿ?

ಆಮೇಲೆ ಅವಳೇ ನನಗೆ ಹೊಳೆಯದ ಪ್ರಶ್ನೆ ಕೇಳಿದಳು: ನನ್ನ ವಯಸ್ಸಿನಲ್ಲಿ ನೀವು ಅಲ್ಲಿ ಏನು ಮಾಡುತ್ತಿದ್ದಿರಿ? ಸಚಿಕೋ ಅವರ ಮುಖ ಅರಳಿತು. ಬೀದಿಯಲ್ಲಿ ಆಟ. ಸಂಜೆ ಐದಕ್ಕೆ ಕಂಬಗಳ ಮೇಲಿನ ಸ್ಪೀಕರುಗಳಲ್ಲಿ ಊರಿಗೆಲ್ಲ ಕೇಳುವಂತೆ ಒಂದು ರಾಗ. ಅದು ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ಮನೆಯೊಳಗೆ. ಗುನುಗಿಯೂ ತೋರಿಸಿದರು. ಅನಘಾ ಋಷಿಯನ್ನು ರಬ್ಬರಿನಿಂದ ಅಳಿಸಿ, ಆ ಸಂಜೆಯನ್ನು ಬರೆದಳು.

ಮರುದಿನ ಆ ಊರಿಗೆ ಹೋಗಬೇಕೆಂದು ಏಳು ಮಕ್ಕಳು ಕೈಯೆತ್ತಿದರಂತೆ. ನಮ್ಮ ಮಿಲ್ ಕ್ರೀಕಿನಲ್ಲಿ ಮಕ್ಕಳನ್ನು ಮನೆಗೆ ಕರೆಯುವ ಅಂಥ ಏರ್ಪಾಡು ಇದೆಯೇ ಎಂದು ಟೀಚರ್ ಕೇಳಿದರಂತೆ.

"ನೀನೇನಂದೆ?"

"ವಿ ಹ್ಯಾವ್ ಮೈ ಮಾಮ್ ಅಂದೆ. ನೀನು ಕೂಗಿದ್ರೆ ಮೂರು ಸ್ಟ್ರೀಟಿಗೆ ಕೇಳ್ಸತ್ತೆ ಅಂದೆ."

ಈ ಊರಿಗೂ ಹೇಳಿಕೊಳ್ಳಲು ಒಂದು ವಿಶೇಷ ಸಿಕ್ಕಿತಲ್ಲ. ಭಗವಂತ ದೊಡ್ಡವನು.