ಮಡಿಕೆ ಬಿದ್ದ ಆಕಾಶ

ಅಕ್ಕನ ಜೊತೆ ಮಧುಗಿರಿ ಬೆಟ್ಟ ಹತ್ತಿದ ನೆನಪು ನನಗಿದೆ. ಮೇಲೆ ಗಾಳಿ ಜೋರು, ಅವಳ ಲಂಗ ಪಟಪಟ ಬಡಿಯುತ್ತಿತ್ತು. ಇದು ನಡೆದದ್ದಲ್ಲ. ಪೋಲಿಯೊ ಬಂದ ಮೇಲೆ ಅಕ್ಕ ಜಗಲಿ ಇಳಿದವಳೇ ಅಲ್ಲ. ಆಗ ನಾನಿನ್ನೂ ಹುಟ್ಟಿರಲಿಲ್ಲ.

ನಡೆದದ್ದು ಇಷ್ಟು, ಅಥವಾ ಇಷ್ಟು ಎಂದುಕೊಂಡಿದ್ದೇನೆ. ಎಪ್ಪತ್ತರ ದಶಕದ ಕೊನೆ. ಜಗಲಿಯಿಂದ ಕಾಣುತ್ತಿದ್ದ ಬೆಟ್ಟವನ್ನು ಅಕ್ಕ ಮೊರದ ಮೇಲೆ ಕಟ್ಟಿದಳು. ನೆನೆಸಿ ರುಬ್ಬಿದ ಹಳೇ ಕಾಗದ, ಮೆಂತ್ಯದ ಹಿಟ್ಟು, ಕೆರೆಮಣ್ಣು. ಕೋಟೆಗೆ ಹೆಂಚಿನ ಚೂರು. ಮೆಟ್ಟಿಲುಗಳನ್ನು ಹೇರ್‌ಪಿನ್ನಿನಿಂದ ಗೀರಿದಳು. ತುದಿಯಲ್ಲಿ ಕಡ್ಡಿಗೆ ಬಟ್ಟೆ ಸುತ್ತಿದ ಗೊಂಬೆ. ಅದಕ್ಕೆ ತನ್ನದೇ ಲಂಗದ ಚೂರು.

ಸಿರಾದ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದ ಸೋದರಮಾವ ಭಾನುವಾರ ಕ್ಯಾಮೆರಾ ತಂದ. ಅಮ್ಮನ ಸೀರೆಯೊಂದನ್ನು ಹಿಂದೆ ಕಟ್ಟಿ ಆಕಾಶ ಮಾಡಿ, ಅಂಗಳದಲ್ಲಿ ಬೋರಲು ಮಲಗಿದ.

"ಗೊಂಬೆ ಮಕ ಇತ್ಲಾಗ್ ತಿರುಗ್ಸಮ್ಮಿ."

"ಮಕ ಬರ್ಯಾಕೆ ಬರಾಕಿಲ್ಲ ಮಾವ, ಬೆನ್ನೇ ಇರ್ಲಿ ಬುಡು. ಬೆಟ್ಟ ಹತ್ತಿದೋರು ಊರ್ ನೋಡ್ತಾರೆ, ನಿನ್ ಮೂತಿನಾ?"

ಅಕ್ಕನದೂ ಒಂದು ತೆಗೆಯುತ್ತೇನೆಂದ. ಅಮ್ಮ ಒಪ್ಪಲಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳ ಮೊದಲ ಫೋಟೊ ಗಂಡಿನವರಿಗೆ ತೋರಿಸಲಿಕ್ಕೆ. "ಈಗ್ಲೇ ಯಾಕ್ಲಾ? ಗಂಡು ಬರ್ಲಿ, ಆವಾಗ ತೆಗಿಯುವಂತೆ." ಅಕ್ಕ ನಕ್ಕಳೋ, ತಲೆ ತಗ್ಗಿಸಿದಳೋ. ಆ ಗಳಿಗೆಯ ಅವಳ ಮುಖಕ್ಕಾಗಿ ಎಷ್ಟು ಹುಡುಕಿದರೂ ಗೊಂಬೆಯ ಬೆನ್ನೇ ಎದುರಾಗುತ್ತದೆ.

ಮುಂದಿನ ಬೇಸಗೆಯಲ್ಲಿ ಜ್ವರ ಬಂದು ಅಕ್ಕ ತೀರಿಕೊಂಡಳು. ಮಹಾಲಯ ಅಮಾವಾಸ್ಯೆಗೆ ಎಡೆ ಇಡಬೇಕು. ಎಡೆಯ ಮುಂದೆ ಹೋದವರ ಫೋಟೊ ಇರಬೇಕು. ಇದ್ದದ್ದು ಬೆಟ್ಟದ್ದೊಂದೇ. ಅಮ್ಮ ಅದಕ್ಕೇ ಗಾಜು ಹಾಕಿಸಿ, ಹೂ ಮುಡಿಸಿ, ಕುಂಕುಮ ಹಿಡಿದು ನಿಂತಳು. ಹಣೆ ಎಲ್ಲಿ?

"ಬೆನ್ನಿಗೆ ಯಾರಾದ್ರೂ ಕುಂಕುಮ ಇಕ್ತಾರೇನೆ?" ಅಂದಳು ಸೋದರತ್ತೆ.

"ಇರ್ಲಿ ಬುಡು ಅತ್ಗೆ. ಊರ್ ನೋಡಿ ಸಾಕಾದ್ ಮ್ಯಾಲೆ ತಿರುಗ್ತಾಳೆ."

ವರ್ಷವರ್ಷವೂ ಗೊಂಬೆಯ ಮೇಲೇ ಬೊಟ್ಟು. ಹಳೆಯದನ್ನು ಒರೆಸಲು ಅಮ್ಮ ಬಿಡುತ್ತಿರಲಿಲ್ಲ. ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ, ರಜೆಗೆ ಬಂದವನನ್ನು ಕೇಳಿದಳು: "ನೀನೂ ಹೋಗಿದ್ಯಲ್ಲ ಅವಳ್ ಜೊತೆ, ಮ್ಯಾಲೆ ಗಾಳಿ ಹೆಂಗಿತ್ತು?" ತಿಳಿದೇ ಕೇಳಿದಳೋ, ನಿಜವಾಗಿ ಹಾಗೆ ನಂಬಿದ್ದಳೋ.

"ಜೋರಿತ್ತಮ್ಮ" ಅಂದೆ. ಗಾಳಿಯ ನೆನಪು ಅಂದು ಹುಟ್ಟಿತೋ, ಮೊದಲೇ ಇತ್ತೋ, ಹೇಳಲಾರೆ.

ಅಮ್ಮನೂ ಈಗಿಲ್ಲ, ಫೋಟೊ ನನ್ನ ಬಳಿ ಇದೆ. ಕುಂಕುಮ ಗೊಂಬೆಯನ್ನು ಪೂರ್ತಿ ಮುಚ್ಚಿದೆ. ಉಳಿದದ್ದು ಬೆಟ್ಟ, ಅದರ ಹಿಂದೆ ಸೀರೆಯ ಒಂದು ಮಡಿಕೆ ಬಿದ್ದ ಆಕಾಶ. ಒರೆಸಿದರೆ ಬೆನ್ನೇ ಕಾಣುತ್ತದೆಂದು ಗೊತ್ತು. ಒರೆಸಿಲ್ಲ.