ಸೋಪು ತಾಗಿ ಕೆಂಪಾದ ಅರಿಶಿನ

ಸೋಪು ತಾಗಿದ್ದೇ ತಡ, ಹದಿನೈದು ದಿನದ ಮೊಮ್ಮಗನ ಅಂಗಿಯ ಮೇಲಿದ್ದ ಅರಿಶಿನದ ಕಲೆ ರಕ್ತದಂತೆ ಕೆಂಪಾಯಿತು. ಇದನ್ನೇ ನಾನು ಕೂಸಿನ ಮೈಗೆ ಹಚ್ಚಿದ್ದೆ! ಸಿಟ್ಟು ನೆತ್ತಿಗೇರಿ, ಒದ್ದೆ ಅಂಗಿ ಹಿಡಿದು ವಿಕ್ರೋಳಿಯ ನಮ್ಮ ಚಾಳಿನ ಕೆಳಗಿರುವ, ಆ ಅರಿಶಿನ ಕೊಂಡಿದ್ದ ಕಿರಾಣಿ ಅಂಗಡಿಗೆ ನುಗ್ಗಿದೆ.

“ಏನ್ ಬಣ್ಣಾ ಬೆರಸಿ ಮಾರಾಕತ್ತೀಯೋ ಶೆಟ್ಟಿ? ನಿನ್ನ ಮನ್ಯಾಗ ಕೂಸಿಲ್ಲೇನು?”

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಶೆಟ್ಟಿ ಕಲೆಯ ಮೇಲೆ ಲಿಂಬೆಹಣ್ಣು ಹಿಂಡಿದ. ಅದು ಮತ್ತೆ ಹಳದಿಯಾಯಿತು.

“ಅಜ್ಜಿ, ಆರತಿ ನೀರಿಗೆ ಅರಿಶಿನ, ಸುಣ್ಣ ಕಲಸಿದ್ರೆ ಕೆಂಪಾಗುದಿಲ್ವಾ? ಸೋಪು ಮಾಡುದೂ ಅದೇ ಕೆಲ್ಸ ಮಾರಾಯ್ರೆ!”

ಕೂಸು ಆಸ್ಪತ್ರೆಯಿಂದ ಬಂದ ದಿನ ಆ ಕೆಂಪು ನೀರು ಕಲಸಿದವಳು ನಾನೇ. ಸಿಟ್ಟೆಲ್ಲ ನನ್ನ ಮೇಲೆಯೇ ತಿರುಗಿತು. ಆದರೂ ಮೊಮ್ಮಗನಿಗೆ ಏನೂ ಆಗುವುದಿಲ್ಲವೆಂಬ ಖುಷಿಗೆ, ಬೈದ ಬಾಯಿಂದಲೇ ಶೆಟ್ಟಿಯನ್ನು ಹರಸಿ ಅಂಗಡಿಯಲ್ಲೇ ಅತ್ತುಬಿಟ್ಟೆ.