ನೀಲಕ್ಕನ ಕೆಂಪು ದಾರ

ನೀಲಕ್ಕ ಸೂಜಿಯನ್ನು ತುಟಿಗಳ ನಡುವೆ ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಬೈಗುಳ, ನಗು, ಓಣಿಯ ಖಬರು ಎಲ್ಲವೂ ಆ ಸೂಜಿಯ ಆಚೀಚೆಯಿಂದಲೇ ಹೊರಗೆ ಬರುತ್ತಿದ್ದವು. ಯಾರಿಗಾದರೂ ಅವರ ವಾರ್ಡು ಬದಲಾಗಿದೆ ಎಂದು ಹೇಳಬೇಕಾದಾಗ ಮಾತ್ರ ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡು, ಸಾವಿನ ಸುದ್ದಿ ಹೇಳುವವಳ ಹಾಗೆ ಗಂಭೀರವಾಗುತ್ತಿದ್ದಳು. ನನಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು.

ಬೆಟಗೇರಿಯ ನೇಕಾರರ ಓಣಿಯ ವಾಚನಾಲಯ ನೋಡಿಕೊಳ್ಳುವವಳು ನಾನು. ಮನೆ ಗದಗಿನಲ್ಲಿ. ವಾಚನಾಲಯದ ಗೋಡೆಯ ಮೇಲೆ ಗದಗ-ಬೆಟಗೇರಿ ಅವಳಿ ಊರಿನ ವಾರ್ಡುಗಳ ನಕ್ಷೆಯೊಂದಿತ್ತು. ಚುನಾವಣೆಗೆ ಮುಂಚೆ ಗಡಿ ಬದಲಾದಾಗಲೆಲ್ಲ ಯಾರೋ ಒಬ್ಬರು ಪೆನ್ನಿನಿಂದ ತಿದ್ದಿ ತಿದ್ದಿ, ಯಾವ ಗೆರೆ ಹೊಸದು, ಯಾವುದು ಹಳೆಯದು ಎಂಬುದು ದೇವರಿಗೇ ಗೊತ್ತು ಎನ್ನುವಂತಾಗಿತ್ತು. ಪಕ್ಕದಲ್ಲೇ ಸೀರೆಗೆ ಫಾಲ್ ಹಚ್ಚುವ ಅಂಗಡಿ ನೀಲಕ್ಕನದು. ಒಂದು ದಿನ ಬಂದು ನೋಡಿ, "ಗೆರಿ ಕೊರದ್ರ ಅಳಸಾಕ ಬರೂದಿಲ್ಲ ತಂಗಿ. ದಾರ ಆದ್ರ ಬಿಚ್ಚಾಕ ಬರತೈತಿ" ಎಂದಳು. ಬೋರ್ಡು ಬರೆಯುವವನಿಂದ ಬಿಳಿ ಬಟ್ಟೆಯ ಮೇಲೆ ಓಣಿಗಳನ್ನೆಲ್ಲ ಬರೆಸಿದೆವು. ಗಡಿಗಳನ್ನು ಅವಳು ಕೆಂಪು ದಾರದಿಂದ ಹೊಲಿದಳು. ಅಂದಿನಿಂದ ಹೊಸ ಆದೇಶ ಬಂದಾಗಲೆಲ್ಲ ನಾನು ಓದುವುದು, ಅವಳು ಹಳೆಯ ದಾರ ಕತ್ತರಿಸಿ ಹೊಸದನ್ನು ಹೊಲಿಯುವುದು.

ಓದಿದ್ದನ್ನು ಕೇಳಿ ಸುಮ್ಮನೆ ಹೊಲಿಯುವ ಪೈಕಿ ಅಲ್ಲ ಅವಳು. ಗಡಿಯುದ್ದಕ್ಕೂ ನಡೆದು ಬರಬೇಕು, ಅದೂ ನನ್ನನ್ನು ಎಳೆದುಕೊಂಡು. ಒಮ್ಮೆ ಆದೇಶದಲ್ಲಿ 'ಬೇವಿನ ಮರದಿಂದ ಪೂರ್ವಕ್ಕೆ' ಎಂದಿತ್ತು. ಆ ಮರ ಕಡಿದು ಎಷ್ಟೋ ವರ್ಷಗಳಾಗಿದ್ದವು. ಕಟ್ಟೆಯ ಮೇಲೆ ಕುಳಿತಿದ್ದ ಮೂವರು ಹಿರಿಯರು ಮೂರು ಜಾಗ ತೋರಿಸಿ ತಮ್ಮತಮ್ಮಲ್ಲೇ ಜಗಳಕ್ಕೆ ನಿಂತರು. ನೀಲಕ್ಕ ಮನೆಮನೆ ಹೊಕ್ಕು, ಒಂದು ಕಾಲಕ್ಕೆ ಆ ಮರದ ಕೆಳಗೆ ಕುಳಿತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದ ಮುದುಕಿಯರನ್ನು ಒಬ್ಬೊಬ್ಬರನ್ನಾಗಿ ಕೇಳಿದಳು. ಎಲ್ಲರೂ ಒಂದೇ ಜಾಗಕ್ಕೆ ಬೆರಳು ಮಾಡಿದರು. "ಗಂಡಸರು ಗಿಡಾ ನೋಡ್ಯಾರ. ಇವರು ಅದರ ನೆಳ್ಳಾಗ ದುಡದಾರ" ಎಂದು ಸೂಜಿಯ ಸಂದಿಯಿಂದಲೇ ನಕ್ಕಳು.

ಎದುರುಮನೆಯ ಕಸ್ತೂರವ್ವ ನೀಲಕ್ಕನ ಜೀವದ ಗೆಳತಿ. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯರಾಗಿ ಬಂದವರು. ಪ್ರತಿ ಚುನಾವಣೆಗೂ ಇಸ್ತ್ರಿ ಮಾಡಿದ ಸೀರೆ ಉಟ್ಟು ಒಟ್ಟಿಗೆ ಹೋಗಿ ವೋಟು ಹಾಕಿ, ಬರುವಾಗ ಮಿರ್ಚಿ ಭಜಿ ತಿಂದು, ಯಾರಿಗೆ ಹಾಕಿದೆ ಎಂದು ಹೇಳದೆ ಒಬ್ಬರನ್ನೊಬ್ಬರು ಸತಾಯಿಸುತ್ತ ಮನೆಗೆ ಬರುತ್ತಿದ್ದರು. ಕಳೆದ ಸಲದ ಆದೇಶ ಆ ಓಣಿಯ ನಟ್ಟನಡುವೆಯೇ ಗಡಿ ಹಾಕಿತು. ನಾನು ಓದಿದೆ. ನೀಲಕ್ಕ ಮಿಕ್ಕ ಗಡಿಗಳನ್ನೆಲ್ಲ ಹೊಲಿದು ಮುಗಿಸಿ, ತನ್ನ ಓಣಿಯನ್ನು ಮಾತ್ರ ಹಾಗೇ ಬಿಟ್ಟಳು. "ನಾಳೆ ಮಾಡ್ತೀನಿ ಬಿಡ" ಎನ್ನುತ್ತ ಎರಡು ವಾರ ಕಳೆದಳು. ಒತ್ತಾಯಿಸಲು ನನಗೂ ಮನಸ್ಸು ಬರಲಿಲ್ಲ.

ಮತದಾನಕ್ಕೆ ನಾಲ್ಕು ದಿನ ಇರುವಾಗ ಕಸ್ತೂರವ್ವ ತನ್ನ ಮತದಾರರ ಚೀಟಿ ಹಿಡಿದು ಬಂದಳು. ಅದನ್ನು ನಕ್ಷೆಯ ಪಕ್ಕದಲ್ಲಿಟ್ಟು ನೋಡಿದಳು.

"ನೀಲಾ, ಇದರಾಗ ವಾರ್ಡಿನ ನಂಬರ ಬ್ಯಾರೆ ಐತಿ. ನಿನ್ನ ನಕಾಶಿಯೊಳಗ ನಾ ನಿನ್ನ ಕೂಡನ ಅದೀನಿ. ಚೀಟಿನ ತಪ್ಪೈತಿ, ಹರದ ಒಗೀಲೇನ?"

ನೀಲಕ್ಕ ಬಾಯಿಂದ ಸೂಜಿ ತೆಗೆದಳು. "ಹರೀಬ್ಯಾಡ. ಚೀಟಿ ಖರೆ ಐತಿ. ನಾನ ಸುಳ್ಳ ಇಟ್ಟೀನಿ."

ಗೆಳತಿಯ ಎದುರಿಗೇ ಕುಳಿತು ಓಣಿಯ ನಡುವೆ ದಾರ ಹಾಕಿದಳು. ಹೊಲಿಗೆ ಮುಗಿಯುವ ತನಕ ಕಸ್ತೂರವ್ವ ನಿಂತು ನೋಡಿದಳು. ಆ ಸಲ ಇಬ್ಬರೂ ಬೇರೆ ಬೇರೆ ಶಾಲೆಗೆ ಹೋಗಿ ವೋಟು ಹಾಕಿದರು. ಮಿರ್ಚಿ ತಿಂದಿರಾ ಎಂದು ನಾನು ಕೇಳಿದ್ದಕ್ಕೆ ನೀಲಕ್ಕ, "ಒಬ್ಬಾಕಿನ ತಿಂದ್ರ ಬರೇ ಖಾರ ಹತ್ತತೈತಿ" ಎಂದಳು.

ಅವಳು ತೀರಿಕೊಂಡು ವರ್ಷದ ಮೇಲಾಯಿತು. ಅವಳ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ವಾಚನಾಲಯದ ಬಾಗಿಲಲ್ಲಿ ನೆರಳು ಬಿದ್ದರೆ ಈಗಲೂ ನೀಲಕ್ಕನೇ ಬಂದಳೆಂದು ತಲೆಯೆತ್ತುತ್ತೇನೆ. ಅವಳಿಲ್ಲದ ಮಧ್ಯಾಹ್ನಗಳು ನನಗೆ ರೂಢಿಯಾಗಿಲ್ಲ.

ಹೋದ ತಿಂಗಳು ಮತ್ತೊಂದು ಆದೇಶ ಬಂತು. ಓಣಿಯ ಎರಡೂ ಬದಿ ಪುನಃ ಒಂದೇ ವಾರ್ಡಿಗೆ ಸೇರಿವೆ. ಸುದ್ದಿ ತಿಳಿದು ಕಸ್ತೂರವ್ವ ಬಂದು ಕುಳಿತಳು. ನಾನು ಕತ್ತರಿ ಹಿಡಿದು ನಕ್ಷೆಯನ್ನು ಮಗುಚಿದೆ. ಉಳಿದೆಲ್ಲ ಗಡಿಗಳ ಹಿಂದೆ ಕಡಲೆಕಾಳಿನಂಥ ಗಂಟುಗಳಿದ್ದವು. ಅವರ ಓಣಿಯ ದಾರಕ್ಕೆ ಎರಡೂ ತುದಿಯಲ್ಲಿ ಗಂಟೇ ಇರಲಿಲ್ಲ. ಉದ್ದುದ್ದ ಕಚ್ಚಾ ಹೊಲಿಗೆ. ಕತ್ತರಿ ಪಕ್ಕಕ್ಕಿಟ್ಟು ಮೆಲ್ಲಗೆ ಎಳೆದೆ, ದಾರವೆಲ್ಲ ಕೈಗೆ ಬಂತು.

"ಬಿಚ್ಚೂ ದಿನಾ ಬರತೈತಂತ ಕಾದಾಳ, ಹುಚ್ಚಿ" ಎಂದಳು ಕಸ್ತೂರವ್ವ. ದಾರವನ್ನು ನನ್ನಿಂದ ಇಸಿದುಕೊಂಡು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಈಗ ವೋಟ್ ಹಾಕಾಕ ಯಾರ ಕೂಡ ಹೋಗ್ಲೆವ್ವಾ?" ಎಂದಳು.

"ನಾ ಬರ್ತೀನ್ರಿ. ನನ್ನ ಕೂಡ ನಡೀರಿ" ಎಂದೆ.

ಅವಳು ನಕ್ಷೆಯಲ್ಲಿ ಗದಗಿನ ಕಡೆಗೆ ಬೆರಳಿಟ್ಟಳು. ನನ್ನ ಮನೆಯ ಸುತ್ತ ನೀಲಕ್ಕ ಹೊಲಿದ ಕೆಂಪು ದಾರ ಬಿಗಿಯಾಗಿ ಹಾಗೇ ಇತ್ತು.

"ನಿನ್ನ ವಾರ್ಡ ಬ್ಯಾರೆ ಐತಲ್ಲ, ತಂಗಿ" ಎಂದಳು.